ಬೋರಲು ಹಾಸಿದ ಕಲ್ಲು

ನೆಲಕ್ಕೆ ಹಾಸುವ ಒಳ್ಳೆಯ ಫರಸಿ ಕಲ್ಲನ್ನು ಸುತ್ತಿಗೆಯ ಹಿಂಬದಿಯಿಂದ ಮೆಲ್ಲಗೆ ತಟ್ಟಿದರೆ ಕಂಚಿನ ತಟ್ಟೆಯ ಹಾಗೆ ಸದ್ದು ಬರುತ್ತದೆ. ಒಳಗೆ ಸೀಳಿದ್ದರೆ ಬೊದ್ದ ಸದ್ದು, ಹಸಿ ಮಣ್ಣನ್ನು ತಟ್ಟಿದ ಹಾಗೆ. ಇದನ್ನು ನನಗೆ ಹೇಳಿಕೊಟ್ಟವರು ನಮ್ಮ ವಸತಿಯ ಕೊನೆಯ ಮನೆಯಲ್ಲಿದ್ದ ಒಬ್ಬ ಮುದುಕರು.

ಶಹಾಬಾದದಿಂದ ವಾಡಿಯ ಕಡೆ ಹೋಗುವಾಗ ದಾರಿಯ ಎರಡೂ ಬದಿಗೆ ಕಲ್ಲಿನ ಖಣಿಗಳು. ಅವುಗಳ ನಡುವೆ ಎಂಬತ್ತು ತೊಂಬತ್ತು ಮನೆಗಳ ಒಂದು ವಸತಿ. ಅಲ್ಲಿನ ಶಾಲೆಯಲ್ಲಿ ನಾನು ಹನ್ನೊಂದು ವರ್ಷ ಮಾಸ್ತರನಾಗಿದ್ದೆ. ಅಲ್ಲಿ ಗೋಡೆ ಫರಸಿ, ಚಾವಣಿ ಫರಸಿ, ನೆಲ ಫರಸಿ, ಎಮ್ಮೆ ನೀರು ಕುಡಿಯುವ ತೊಟ್ಟಿಯೂ ಫರಸಿ. ಬೇಸಿಗೆಯಲ್ಲಿ ಊರಿಗೆ ಊರೇ ಕಾದ ಹಂಚಿನಂತಾಗುತ್ತಿತ್ತು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಕೆಲವೇ ವರ್ಷಗಳಾಗಿದ್ದವು. ಶಾಲೆಯ ಹಳೆಯ ರಬ್ಬರ್ ಸ್ಟಾಂಪಿನಲ್ಲಿ ಇನ್ನೂ ಮೈಸೂರು ರಾಜ್ಯವೆಂದೇ ಇತ್ತು.

ಆ ಮುದುಕರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ, ಬೇರೆ ಹೇಗೆ ಕರೆಯಬೇಕೆಂದು ಗೊತ್ತಿಲ್ಲದೆ. ಅವರ ಕೆಲಸ ಕಲ್ಲಿನ ಮೇಲೆ ಅಕ್ಷರ ಕಡಿಯುವುದು. ಹೊಸ ಮನೆಯ ಬಾಗಿಲ ಮೇಲಿನ ಹೆಸರು, ಗುಡಿಗೆ ದಾನ ಕೊಟ್ಟವರ ಹೆಸರು, ಗೋರಿಯ ಕಲ್ಲು. ಸೇಡಂ ಕಡೆಯಿಂದ ತೆಲುಗು ಅಕ್ಷರದ ಕೆಲಸವೂ ಬರುತ್ತಿತ್ತು. ಅವರಿಗೆ ಯಾವ ಭಾಷೆಯನ್ನೂ ಓದಲು ಬರುತ್ತಿರಲಿಲ್ಲ. ಬಲ್ಲವರು ಯಾರಾದರೂ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಡಬೇಕು. ಅವರು ಗೆರೆಯ ಮೇಲೆ ಉಳಿ ಇಟ್ಟು ಕೂದಲೆಳೆಯಷ್ಟೂ ಸರಿಯದಂತೆ ಕಡಿಯುತ್ತಿದ್ದರು. ಶಾಲೆಯ ಹೆಸರಿನ ಕಲ್ಲಿಗೆ ನಾನೇ ಬರೆದುಕೊಟ್ಟಿದ್ದೆ. ಬರೆಯುವಾಗ ನನ್ನ ಕೈ ಜಾರಿ ‘ಶಾಲೆ’ಯ ಪಕ್ಕ ಒಂದು ಬಾಲ ಎಳೆದುಬಿಟ್ಟಿತ್ತು. ಅಳಿಸಲು ಮರೆತೆ. ಕಲ್ಲು ಬಂದಾಗ ಬಾಲವೂ ಬಂದಿತ್ತು, ಅಚ್ಚುಕಟ್ಟಾಗಿ.

“ಇದೇನು ಚಾಚಾ?” ಎಂದೆ.

“ನೀವ್ ಬರ್ದದ್ದೇ ಕಡಿದೀನಿ ಮಾಸ್ತರಸಾಬ್. ನಿಮ್ಮ ಸಾಲ್ಯಾಗ ಓದಿದವರೇ ತಪ್ಪ್ ಮಾಡಿದ್ರ ಓದಲಾರದವ ನಾ ಏನ್ ತಿದ್ದಲಿ?”

ಆ ಬಾಲ ಇವತ್ತಿಗೂ ಅಲ್ಲಿದೆ.

ನಾನು ಹೇಳಹೊರಟದ್ದು ನಡೆದ ವರ್ಷ ಮಳೆಗಾಲ ಶುರುವಾದಾಗಿನಿಂದ ಅವರು ಸಂಜೆ ಹೊತ್ತು ಹನುಮಂತ ದೇವರ ಗುಡಿಯ ಬಾಗಿಲ ಹೊರಗೆ, ಕಟ್ಟೆಯ ಮೇಲೆ ಬಂದು ಕೂಡುತ್ತಿದ್ದರು. ಬೇವಿನ ನೆರಳಿದೆ, ತಂಪಿಗೆ ಬರುತ್ತಾರೆ ಎಂದುಕೊಂಡಿದ್ದೆ. ಎಲ್ಲರೂ ಹಾಗೇ ಅಂದುಕೊಂಡಿದ್ದರು.

ಇನ್ನು ನನ್ನ ಮಾತು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಾನು ಹುಟ್ಟಿದ್ದು ದಂಡೋತಿಯಲ್ಲಿ, ಕಾಗಿಣಾ ಹೊಳೆಯ ದಂಡೆಯ ಮೇಲೆ. ಓದಿದ್ದು ಚಿತ್ತಾಪುರದಲ್ಲಿ, ನಿಜಾಮರ ಕಾಲದಲ್ಲಿ, ಉರ್ದುವಿನಲ್ಲಿ. ಆಗ ಬೇರೆ ದಾರಿ ಇರಲಿಲ್ಲ. ಲಿಂಗ ಕಟ್ಟಿದವರ ಮಕ್ಕಳಾದ ನಾವೂ ಉರ್ದುವಿನಲ್ಲೇ ಲೆಕ್ಕ, ಭೂಗೋಳ ಕಲಿಯುತ್ತಿದ್ದೆವು. ನನಗೆ ಅದು ಚೆನ್ನಾಗಿಯೇ ಬರುತ್ತಿತ್ತು. ನನ್ನ ಅಣ್ಣ ನನಗಿಂತ ಮೊದಲೇ ಶಾಲೆ ಬಿಟ್ಟು ಒಕ್ಕಲುತನಕ್ಕೆ ನಿಂತವನು. ಅವನಿಗೆ ತನ್ನ ಹೆಸರು ಬರೆಯಲು ಬರುತ್ತಿದ್ದುದೂ ಉರ್ದುವಿನಲ್ಲೇ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷ ಗದ್ದಲ ಎದ್ದಿತು. ಧರ್ಮದ ಹೆಸರು ಹೇಳಿಕೊಂಡು ಬಂದೂಕು ಹಿಡಿದವರು ಊರೂರು ತಿರುಗುತ್ತಿದ್ದರು. ಒಂದು ಮಧ್ಯಾಹ್ನ ಅಣ್ಣ ಹೊಳೆಯ ಆಚೆಗೆ ಮೇಯಲು ಬಿಟ್ಟಿದ್ದ ಎತ್ತು ತರಲು ಹೋದ. ಎತ್ತುಗಳು ತಾವೇ ಮನೆಗೆ ಬಂದವು. ಅವನನ್ನು ನಾವು ಹೊತ್ತು ತಂದೆವು. ನಮ್ಮಲ್ಲಿ ಹೂಳುತ್ತಾರೆ. ಹೊಲದ ಬದುವಿನ ಹತ್ತಿರ ಅವಸರದಲ್ಲಿ ಹೂಳಿ ಬಂದೆವು. ಕಲ್ಲು ನೆಡಲಿಲ್ಲ.

ಕೆಲವು ವಾರಗಳಲ್ಲಿ ಸೈನ್ಯ ಬಂತು, ಆ ಆಳ್ವಿಕೆ ಮುಗಿಯಿತು. ಆಮೇಲೆ ಆದದ್ದನ್ನೂ ಬರೆಯಬೇಕು. ಅಲ್ಲಿಗೇ ನಿಲ್ಲಿಸಿದರೆ ಸುಳ್ಳು ಹೇಳಿದಂತಾಗುತ್ತದೆ. ನಮ್ಮ ಕಡೆಯವರು ಸೇಡಿಗೆ ಹೊರಟರು. ಬಂದೂಕು ಹಿಡಿದವರು ಓಡಿಹೋಗಿದ್ದರು. ಸಿಕ್ಕವರು ಏನೂ ಮಾಡದವರು. ಪಕ್ಕದ ಊರಿನ ದರ್ಜಿಯೊಬ್ಬ ನನ್ನ ಶಾಲೆಯ ಅಂಗಿಗಳನ್ನೆಲ್ಲ ಹೊಲಿದವನು. ಅವನ ಹೊಲಿಗೆ ಯಂತ್ರವನ್ನು ನಾಲ್ಕು ಜನ ಎತ್ತಿ ಬಾವಿಗೆ ಹಾಕಿದ್ದನ್ನು ನಾನು ನೋಡಿದೆ. ನನಗೆ ಹದಿನೆಂಟು ವಯಸ್ಸು. ನಾನು ಕೈ ಎತ್ತಲಿಲ್ಲ. ಬಾಯಿಯನ್ನೂ ತೆರೆಯಲಿಲ್ಲ. ದರ್ಜಿ ಏನಾದನೆಂದು ಅವತ್ತು ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಅಂದಿನಿಂದ ಉರ್ದು ಓದುವುದನ್ನು ಬಿಟ್ಟೆ. ಜನ ತಮ್ಮ ಹಳೆಯ ಹೊಲದ ಕಾಗದ ಹಿಡಿದು ಬರುತ್ತಿದ್ದರು. ಅವೆಲ್ಲ ಉರ್ದುವಿನಲ್ಲೇ ಇರುತ್ತಿದ್ದವು. “ಮರ್ತದ” ಎಂದು ಕಳಿಸುತ್ತಿದ್ದೆ. ಮರೆತಿರಲಿಲ್ಲ. ವಾಡಿ ಸ್ಟೇಷನ್ನಿನಲ್ಲಿ ಹಳೆಯ ಫಲಕ ಕಂಡರೆ ಕಣ್ಣು ತಾನೇ ಓದಿಬಿಡುತ್ತಿತ್ತು. ಆಮೇಲೆ ನಾನು ಮುಖ ತಿರುಗಿಸುತ್ತಿದ್ದೆ.

ಹೀಗಿರುವಾಗ ಒಂದು ಶನಿವಾರ. ಸೋಮವಾರ ಶಾಲೆಯಲ್ಲಿ ದೊಡ್ಡ ತರಗತಿಯ ಮಕ್ಕಳಿಗೆ ಚರ್ಚಾಸ್ಪರ್ಧೆ ಇಡಬೇಕಾಗಿತ್ತು. ವಿಷಯವನ್ನು ಹೆಡ್‌ಮಾಸ್ತರರು ಆರಿಸಿದ್ದರು: ಪ್ರೀತಿ ಮತ್ತು ಅಹಿಂಸೆಯಿಂದ ಯುದ್ಧವನ್ನೂ ಧರ್ಮದ ಹುಚ್ಚನ್ನೂ ನಿಲ್ಲಿಸಲು ಸಾಧ್ಯವೇ? ಎರಡೂ ಕಡೆಯ ಮಕ್ಕಳಿಗೆ ಮಾತು ಬರೆದುಕೊಡುವುದು ನನ್ನ ಪಾಲಿಗೆ ಬಂದಿತ್ತು. ‘ಸಾಧ್ಯವಿಲ್ಲ’ ಎಂಬ ಕಡೆಗೆ ಒಂದೂವರೆ ಪುಟ ಸರಸರ ಬರೆದಿದ್ದೆ. ‘ಸಾಧ್ಯ’ ಎಂಬ ಕಡೆಗೆ ಮೂರು ಸಾಲಾಗಿತ್ತು, ಮೂರೂ ಪಠ್ಯಪುಸ್ತಕದವು.

ಬೆಳಗಿನ ಶಾಲೆ. ಹತ್ತು ಗಂಟೆ ಆಗಿರಲಿಲ್ಲ. ಗುಡಿಯ ಕಲ್ಲುಗಾರೆ ಕೆಲಸ ಮಾಡುವ ಗೌಂಡಿ ಬಾಗಿಲಲ್ಲಿ ಬಂದು ನಿಂತ. ಕೈಯೆಲ್ಲ ಸುಣ್ಣ.

“ಮಾಸ್ತರ್ರೇ, ಲಗು ಬರ್ರಿ. ಗುಡಿ ಅಂಗಳದಾಗ ಜಗಳ ಹತ್ಯದ.”

“ಏನಾಯ್ತು?”

“ಒಂದು ಫರಸಿ ಅಲುಗಾಡ್ಲಕತ್ತಿತ್ರಿ. ಎಬ್ಬಿಸಿ ಕೂಡಸ್ಬೇಕಂತ ಮಗುಚಿದೆ. ಕೆಳಗಿನ ಮೈ ಮ್ಯಾಲ ಪೂರಾ ಉರ್ದು ಬರ್ದದ. ಹಾಸಿದವ ನಾನೇ ರಿ. ಹಾಸುವಾಗ ಕೆಳಗಿನ ಮೈ ಯಾರ್ ನೋಡ್ತಾರ, ಹೇಳ್ರಿ?”

ಆ ಅಂಗಳಕ್ಕೆ ಬೇಸಿಗೆಯ ಕೊನೆಯಲ್ಲಿ ಅವನೇ ಫರಸಿ ಹಾಸಿದ್ದ. ಫರಸಿಗೆ ಎರಡು ಮೈ. ನಯವಾದದ್ದು ಮೇಲೆ, ಒರಟು ಕೆಳಗೆ. ಆದರೆ ಆ ಕಲ್ಲಿಗೆ ಎರಡೂ ಮೈ ನಯವಾಗಿದ್ದುವು. ಅವನು ಸುಮ್ಮನೆ ಒಂದು ಮೈ ಮೇಲೆ ಮಾಡಿ ಹಾಸಿದ್ದ.

ನಾನು ಹೋದಾಗ ಕಲ್ಲು ಅಂಗಳದ ನಡುವೆ ಅಂಗಾತ ಬಿದ್ದಿತ್ತು. ಅಕ್ಷರಗಳ ಸಂದಿಯಲ್ಲಿ ಒದ್ದೆ ಉಸುಕು. ಈ ಕಡೆ ನಮ್ಮವರು ಇಪ್ಪತ್ತು ಇಪ್ಪತ್ತೈದು ಜನ. ಮುಂದೆ ನಿಂತು ಕೂಗುತ್ತಿದ್ದವನು ಫರಸಿ ಪಾಲಿಶ್ ಯಂತ್ರ ನಡೆಸುವ ಒಬ್ಬ ತರುಣ. ಬಾಗಿಲ ಹೊರಗೆ ಚಾಚಾನ ಓಣಿಯವರು, ಮೊದಲು ಆರೇಳು, ನೋಡುತ್ತಿದ್ದಂತೆ ಹದಿನೈದು. ಎರಡೂ ಕಡೆಯವರ ಕೈಯಲ್ಲಿ ಸುತ್ತಿಗೆ, ಹಾರೆ. ಅವರು ಹುಡುಕಿ ತಂದ ಆಯುಧಗಳಲ್ಲ ಅವು. ಕೆಲಸದಿಂದ ಎದ್ದು ಬಂದಿದ್ದರು ಅಷ್ಟೆ. ಖಣಿಯ ಊರಿನಲ್ಲಿ ಜಗಳಕ್ಕೆ ಯಾರೂ ಬರಿಗೈಯಲ್ಲಿ ಬರುವುದೇ ಇಲ್ಲ.

“ನಮ್ಮ ದೇವ್ರ ಮುಂದ ಮಾಟ ಮಾಡಿ ಹುಗದಾರ!” ಎಂದು ಪಾಲಿಶ್‌ನವನು.

“ನಮ್ಮ ಪಾಕ್, ಪವಿತ್ರ ಅಕ್ಷರ ತಂದು ಕಾಲ್ ಕೆಳಗ ಹಾಕಿ ತುಳ್ದೀರಿ!” ಎಂದು ಬಾಗಿಲ ಹೊರಗಿನವರು.

ಕಲ್ಲು ಒಂದೇ. ಅವಮಾನವಾಯಿತೆಂದು ಎರಡೂ ಕಡೆಯವರಿಗೆ ಅನ್ನಿಸಿತ್ತು. ಅದರಲ್ಲಿ ಏನು ಬರೆದಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನಮ್ಮ ತರುಣರು ಕನ್ನಡ ಶಾಲೆಗೆ ಹೋದವರು. ಅವರ ತರುಣರು ಹತ್ತನೆಯ ವಯಸ್ಸಿಗೇ ಖಣಿಗೆ ಇಳಿದವರು.

“ಪಾಕ್ ಅಕ್ಷರ ಅಂತಿ, ಏನ್ ಬರ್ದದ ಓದು ಮತ್ತ!” ಎಂದು ಈ ಕಡೆಯ ಒಬ್ಬ ಕೇಳಿದ.

“ನಾ ಏನ್ ಸಾಲಿಗಿ ಹೋಗೀನೇನು? ನೀ ಓದು!”

ಬೇರೆ ದಿನವಾಗಿದ್ದರೆ ಯಾರಾದರೂ ನಗುತ್ತಿದ್ದರು.

ಚಾಚಾ ಬಾಗಿಲ ಒಳಗೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ಅವರನ್ನು ಮನೆಯಿಂದ ಎಳೆದು ತಂದಿದ್ದರು. ಕಾಲಲ್ಲಿ ಒಂದೇ ಚಪ್ಪಲಿ.

“ಕಡಿದವ ನೀನೇ ಹೌದಲ್ಲೋ?” ಎಂದು ಪಾಲಿಶ್‌ನವನು ಕೇಳಿದ.

“ಹೌದಪ್ಪಾ.”

“ಗುಡಿಗಿ ಯಾಕ್ ಕಳಿಸ್ದಿ?”

ಎರಡು ಸಲ ಕೇಳಿದ. ಮೂರನೆಯ ಸಲ ಅಂಗಿಯ ಕೊರಳುಪಟ್ಟಿ ಹಿಡಿದು ಎತ್ತಿದ. ಗುಂಡಿಯೊಂದು ಹರಿದು ಫರಸಿಯ ಮೇಲೆ ಟಿಣ್ಣೆಂದು ಬಿತ್ತು. “ಬಾಯಿ ಬಿಡ್ತಿಯೋ ಇಲ್ಲೋ ಮುದುಕಾ? ಇಲ್ಲಂದ್ರ ಇವತ್ತ ನಿನ್ನ ಮನಿನೂ ಉಳಿಯಂಗಿಲ್ಲ, ನಿಮ್ಮ ಓಣಿನೂ ಉಳಿಯಂಗಿಲ್ಲ.” ಬಾಗಿಲ ಹೊರಗಿನವರು ಒಂದು ಹೆಜ್ಜೆ ಒಳಗೆ ಬಂದರು. ಸುತ್ತಿಗೆ ಹಿಡಿದ ಕೈಗಳು ಮೇಲೆದ್ದವು ಎಂದು ಬರೆಯಲಾರೆ. ಹಿಡಿ ಬದಲಾಯಿತು. ಕೆಲಸ ಮಾಡುವವರು ಸುತ್ತಿಗೆಯನ್ನು ಹಿಡಿಯುವ ಹಾಗಿರಲಿಲ್ಲ ಅದು.

ಆಗ ಗೌಂಡಿ ಕೂಗಿದ: “ಸ್ವಲ್ಪ ತಡೀರಿ! ನಮ್ಮ ಮಾಸ್ತರಿಗಿ ಉರ್ದು ಬರ್ತದ!”

ಎಲ್ಲರೂ ನನ್ನ ಕಡೆ ತಿರುಗಿದರು. ಪೂಜಾರಿಯ ತಾಯಿ, ಎಂಬತ್ತರ ಸಮೀಪದ ಅಜ್ಜಿ, ಗುಡಿಯ ಮೆಟ್ಟಿಲ ಮೇಲೆ ನಿಂತಿದ್ದರು.

“ಬರ್ತದೇನೋ ತಮ್ಮಾ?”

“ಮರ್ತದ ಅಜ್ಜಿ” ಎಂದೆ.

ಹೌದು, ಮೊದಲು ನಾನು ಹೇಳಿದ್ದು ಅದೇ. ಆಮೇಲೆ ಈ ಕಥೆ ಹೇಳುವಾಗ ನನ್ನ ಹೆಂಡತಿಯ ಮುಂದೆಯೂ ಆ ಮಾತನ್ನು ಬಿಟ್ಟು ಹೇಳಿದ್ದೇನೆ. ಇಲ್ಲಿ ಬಿಡುವುದಿಲ್ಲ.

ಆದರೆ ಹಾಗೆ ಹೇಳುವ ಹೊತ್ತಿಗೆ ಕಣ್ಣು ಆಗಲೇ ಎರಡನೆಯ ಸಾಲನ್ನು ಓದಿಬಿಟ್ಟಿತ್ತು. ‘ವಯಸ್ಸು ನಾಲ್ಕು ವರ್ಷ.’ ಓದಿದ್ದನ್ನು ಓದಿಲ್ಲ ಎನ್ನಲು ಬರುವುದಿಲ್ಲ. ನಾನು ಚಾಚಾನನ್ನು ನೋಡಿದೆ. ಅವರು ನನ್ನನ್ನು ನೋಡಲಿಲ್ಲ, ಕಲ್ಲನ್ನೂ ನೋಡಲಿಲ್ಲ, ಬಿದ್ದ ಗುಂಡಿಯನ್ನು ನೋಡುತ್ತಿದ್ದರು. ನನಗೆ ಬಾವಿಯೊಳಗೆ ಬಿದ್ದ ಯಂತ್ರದ ಸದ್ದು ನೆನಪಾಯಿತು. ಧೈರ್ಯ ಬಂತು ಎಂದು ಹೇಳಲಾರೆ. ಎರಡು ಕಡೆಯವರ ಭಯವೂ ನನಗಿತ್ತು. ಇನ್ನೊಂದು ಸಲ ಬಾಯಿ ಮುಚ್ಚಿಕೊಂಡು ನಿಲ್ಲುವ ಭಯ ಅವೆರಡಕ್ಕಿಂತ ಸ್ವಲ್ಪ ಹೆಚ್ಚಾಯಿತು, ಅಷ್ಟೇ.

“ಅಜ್ಜಿ, ಒಂದು ತಂಬಿಗಿ ನೀರು ಕೊಡ್ರಿ” ಎಂದೆ.

ಅಜ್ಜಿ ಕೈಯಲ್ಲಿದ್ದ ತಂಬಿಗೆಯನ್ನು ಒಮ್ಮೆ ನೋಡಿಕೊಂಡರು. ಅದು ದೇವರ ನೀರಿನದು. ಕೊಟ್ಟರು. ನಾನು ಮೊಣಕಾಲೂರಿ ಕೂತು ನೀರು ಹಾಕಿ ಅಂಗೈಯಿಂದ ಉಸುಕು ತೊಳೆದೆ. ಪ್ರತಿ ಸಾಲನ್ನೂ ಮೊದಲು ಉರ್ದುವಿನಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಹೇಳಿದೆ. ಮೂವತ್ತು ವರ್ಷದ ಮೇಲೆ ಗಟ್ಟಿಯಾಗಿ ಓದಿದ್ದು. ನಾಲಿಗೆ ಎಲ್ಲೂ ತಡವರಿಸಲಿಲ್ಲ.

ಮೊದಲ ಸಾಲು ಒಂದು ಹೆಣ್ಣುಮಗುವಿನ ಹೆಸರು, ಅದರ ತಂದೆಯ ಹೆಸರು. ಆ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ತಂದೆಯ ಹೆಸರು ಕೇಳಿದ ಕೂಡಲೇ ಎರಡೂ ಕಡೆಯವರು ಚಾಚಾನ ಕಡೆ ತಿರುಗಿದರು. ಪಾಲಿಶ್‌ನವನ ಕೈ ಕೊರಳುಪಟ್ಟಿಯ ಮೇಲೇ ಇತ್ತು.

“ವಯಸ್ಸು ನಾಲ್ಕು ವರ್ಷ” ಎಂದೆ. “ಎರಡು ದಿನದ ಜ್ವರದಲ್ಲಿ ಹೋದಳು. ಅಬ್ಬಾನ ಉಳಿಯ ಸಪ್ಪಳ ಕೇಳದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ.”

ಐದನೆಯ ಸಾಲಿನಲ್ಲಿ ಒಂದೇ ಶಬ್ದ. ‘ಈಗ’. ಅದರ ಪಕ್ಕದಿಂದ ಒಂದು ಸೀಳು ಕಲ್ಲಿನ ಅಡ್ಡಕ್ಕೂ ಹೋಗಿತ್ತು. ಮುಂದೆ ಏನೂ ಕಡಿದಿರಲಿಲ್ಲ.

ನಾನು ಓದಿದ್ದರಿಂದ ಜಗಳ ನಿಂತಿತು ಎಂದು ಆಮೇಲೆ ಕೆಲವರು ಹೇಳಿದರು. ನಿಲ್ಲಲಿಲ್ಲ. ಪಾಲಿಶ್‌ನವನು ಕೊರಳುಪಟ್ಟಿ ಬಿಡದೆಯೇ, “ಅಂದ್ರ ಗೋರಿ ಕಲ್ಲು! ಗೋರಿ ಕಲ್ಲು ತಂದು ಗುಡಿಯಾಗ ಹಾಕ್ಯಾರ!” ಎಂದ. ಹೊರಗಿನವರು, “ಕೂಸಿನ ಗೋರಿ ಕಲ್ಲೂ ಬಿಡ್ಲಿಲ್ಲೇನೋ ಕಳ್ಳರ್ಯಾ!” ಎಂದರು. ಎಲ್ಲ ಮತ್ತೆ ಮೊದಲಿನಿಂದ ಶುರುವಾಯಿತು. ಮೊದಲಿಗಿಂತ ಕೆಟ್ಟದಾಗಿ, ಏಕೆಂದರೆ ಈಗ ಕಲ್ಲು ಏನೆಂದು ಗೊತ್ತಾಗಿತ್ತು.

ಆಗ ನಮ್ಮವರ ಗುಂಪಿನ ಹಿಂದಿನಿಂದ ಒಬ್ಬ ಮುಂದೆ ಬಂದ. ಖಣಿಯಿಂದ ಫರಸಿ ಸಾಗಿಸುವ ಬಂಡಿಯವ. ನಮ್ಮ ಓಣಿಯವನೇ, ನಡುವಯಸ್ಸಿನವ, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ತಲೆಯ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದಿದ್ದ.

“ನಾ ತಂದೀನ್ರಿ” ಎಂದ.

“ಏನು?”

“ಆ ಕಲ್ಲು. ಗೌಂಡಿ ಸಂಜಿಕಿಂತ ಮೊದಲ ಅಂಗಳ ಮುಗಸ್ಬೇಕು ಅಂದಿದ್ದ. ಒಂದು ಕಮ್ಮಿ ಬಿತ್ತು. ಖಣಿ ದೂರ. ಎತ್ತು ದಣಿದಿದ್ವು. ಚಾಚಾನ ಮನಿ ಹಿಂದ ಗ್ವಾಡಿಗಿ ಒಂದು ಆನಿಸಿ ಇಟ್ಟಿದ್ರು. ಅಳತಿ ಸರಿ ಇತ್ತು. ಚಾಚಾ ಜ್ವರ ಬಂದು ಮಲಗಿದ್ರು, ಎಬ್ಬಿಸ್ಲಿಲ್ಲ. ನಾಳಿ ಬ್ಯಾರೆದು ತಂದಿಟ್ರ ಆಯ್ತು ಅಂತ ಹಾಕ್ಕೊಂಡ್ ಬಂದೆ. ತಂದೂ ಇಟ್ಟೆ ಮರುದಿನ. ಅದರ ಮುಖ ಗ್ವಾಡಿ ಕಡಿ ಇತ್ರಿ. ಅಕ್ಷರ ನಾ ನೋಡ್ಲಿಲ್ಲ.” ಇನ್ನೊಂದು ಹೆಜ್ಜೆ ಮುಂದೆ ಬಂದು, “ಹೊಡೀಬೇಕಂದ್ರ ನನಗ ಹೊಡೀರಿ” ಎಂದ.

ಪಾಲಿಶ್‌ನವನು ಚಾಚಾನ ಅಂಗಿ ಬಿಟ್ಟು ಅವನ ಕಡೆ ನುಗ್ಗಿದ, ಕೈ ಎತ್ತಿದ. ಆ ಬಂಡಿಯವ ಅವನ ಸೋದರಮಾವ. ತಾಯಿ ತಂದೆ ಇಲ್ಲದ ಅವನು ಎರಡು ಹೊತ್ತೂ ಉಣ್ಣುತ್ತಿದ್ದುದು ಅಲ್ಲೇ.

ಮೆಟ್ಟಿಲ ಮೇಲಿನಿಂದ ಅಜ್ಜಿ ಹೇಳಿದರು: “ಹೊಡಿ, ಹೊಡಿ. ಛಲೋ ಹೊಡಿ. ಸಂಜಿಗಿ ಅವನ ಮನ್ಯಾಗೇ ತಾಟ್ ಹಿಡ್ಕೊಂಡ್ ಕುಂದ್ರುವಂತಿ.”

ಎಲ್ಲೋ ಒಬ್ಬ ನಕ್ಕ. ಯಾವ ಕಡೆಯವನೆಂದು ಗೊತ್ತಾಗಲಿಲ್ಲ. ನಗು ಹರಡಲಿಲ್ಲ, ಆದರೆ ಎತ್ತಿದ ಕೈ ಅಲ್ಲೇ ಉಳಿದು, ಆಮೇಲೆ ಅವನ ತಲೆಯನ್ನೇ ಕೆರೆದುಕೊಂಡು ಕೆಳಗೆ ಬಂತು.

ಬಾಗಿಲ ಹೊರಗಿನ ತರುಣನೊಬ್ಬ ಚಾಚಾನನ್ನು ಸಿಟ್ಟಿನಿಂದಲೇ ಕೇಳಿದ: “ನಿನಗ ಗೊತ್ತಿತ್ತಲ್ಲ ಚಾಚಾ? ಕಲ್ಲು ಹೋಗಿದ್ದು, ಯಾರ್ ಒಯ್ದಾರ, ಎಲ್ಲಿ ಹಾಕ್ಯಾರ?”

“ಗೊತ್ತಿತ್ತು.”

“ಮತ್ತ ಯಾಕ್ ಹೇಳ್ಲಿಲ್ಲ? ಈಗ ಇವ ಕೊಳ್ಳಪಟ್ಟಿ ಹಿಡದಾಗರೇ ಯಾಕ್ ಹೇಳ್ಲಿಲ್ಲ?”

ಚಾಚಾ ನಿಧಾನವಾಗಿ ಎದ್ದು ನಿಂತರು. “ಹೇಳಿದ್ರ ನೀವು ಬಂಡಿಯವಗ ಹೊಡೀತಿದ್ರಿ” ಎಂದರು. “ಅವ ಕಳ್ಳ ಅಲ್ಲ. ಅವಗ ಗೊತ್ತಿಲ್ಲ. ಕಡಿಯುವಾಗ ಕಡೀ ಸಾಲಿಗಿ ಸೀಳ್ ಬಿತ್ತು. ಗೋರಿಗಿ ಬ್ಯಾರೆ ಕಲ್ಲು ಮಾಡಿ ಇಟ್ಟೆ. ಇದನ್ನ ಒಡದ್ ಹಾಕ್ಬೇಕಿತ್ತು. ಕೂಸಿನ ಹೆಸರದ ಅದರಾಗ. ಕೈ ಬರ್ಲಿಲ್ಲ. ಹನ್ನೆರಡು ವರ್ಷ ಗ್ವಾಡಿಗಿ ಇತ್ತು.” ಕಲ್ಲಿನ ಕಡೆ ಕೈ ಮಾಡಿ, “ಇಲ್ಲಿ ಇದ್ರನೂ ಏನಾಯ್ತು? ಮಂದಿ ಬರ್ತಾರ, ಹೋಗ್ತಾರ. ಗಂಟಿ ಸಪ್ಪಳ ಅದ. ನಾ ಸಂಜಿಗಿ ಬಂದು ಕುಂದರ್ತಿದ್ದೆ” ಎಂದರು.

ಬೇವಿನ ನೆರಳಿಗೆ ಬರುತ್ತಾರೆ ಎಂದುಕೊಂಡಿದ್ದೆವು ನಾವೆಲ್ಲ.

ಅಜ್ಜಿ ಮೆಟ್ಟಿಲಿಳಿದು ಬಂದರು. “ನಿಂತ್ ಏನ್ ನೋಡ್ತೀರಿ? ಕೂಸಿಂದದ. ಎತ್ರಿ. ಇಡಬೇಕಾದ ಜಾಗಾಕ್ಕ ಒಯ್ದಿಡ್ರಿ.”

ಆ ಅಳತೆಯ ಕಲ್ಲಿಗೆ ಆರು ಜನ ಬೇಕು. ಗೌಂಡಿ ಒಂದು ಕಡೆ ಹಾರೆ ಕೊಟ್ಟು ಎತ್ತಿ, “ಈ ಕಡಿ ಮೂರ್ ಮಂದಿ, ಆ ಕಡಿ ಮೂರ್ ಮಂದಿ” ಎಂದ. ಬಂಡಿಯವ ಬಂದ. ಅವನ ಸೋದರಳಿಯ, ಆ ಪಾಲಿಶ್‌ನವನು, ಮುಖ ಗಂಟಿಕ್ಕಿಕೊಂಡೇ ಬಂದ. ಇನ್ನೂ ನಾಲ್ವರು ಬೇಕಾಗಿತ್ತು. ಹೊರಗಿನವರು ಬಾಗಿಲ ಹೊಸ್ತಿಲಲ್ಲಿ ನಿಂತರು.

“ನಾವ್ ಒಳಗ ಬರ್ಬಹುದೇನು?”

“ಹಾಸುವಾಗ ಬಂದ್ ಕಲ್ಲ್ ಇಳಿಸಿರಲ್ಲ, ಆಗ ಯಾರ್ ಕೇಳಿದ್ರಿ?” ಎಂದ ಗೌಂಡಿ. “ಚಪ್ಲಿ ಬಿಟ್ಟ್ ಬರ್ರಿ.”

ಕಲ್ಲು ಹಿಡಿಯಬೇಕೆಂದರೆ ಎರಡೂ ಕೈ ಬೇಕು. ಸುತ್ತಿಗೆ, ಹಾರೆಗಳನ್ನು ಬೇವಿನ ಬುಡದಲ್ಲಿ ಇಟ್ಟರು. ಎರಡೂ ಕಡೆಯವು ಒಂದೇ ರಾಶಿಯಾಗಿ ಬಿದ್ದವು. ಮಧ್ಯಾಹ್ನ ಯಾರ ಸುತ್ತಿಗೆ ಯಾವುದೆಂದು ಹುಡುಕುವುದಕ್ಕೇ ಅರ್ಧ ಗಂಟೆ ಹಿಡಿಯಿತೆಂದು ಆಮೇಲೆ ಕೇಳಿದೆ.

ಸೀಳಿದ ಕಲ್ಲನ್ನು ಹೊರುವುದು ಸುಲಭವಲ್ಲ. ಮಟ್ಟವಾಗಿ ಹಿಡಿಯಬೇಕು. ಒಬ್ಬ ಮೂಲೆಯನ್ನು ಎತ್ತಿದರೆ, ಒಬ್ಬ ಹೆಜ್ಜೆ ತಪ್ಪಿಸಿದರೆ, ನಡುವೆ ಮುರಿದು ಹೋಗುತ್ತದೆ. ಖಬರಸ್ಥಾನ ಖಣಿಯ ಆಚೆ, ಅರ್ಧ ಮೈಲು. ಗೌಂಡಿ ಮುಂದೆ ಹಿಮ್ಮುಖವಾಗಿ ನಡೆಯುತ್ತ, “ಸಾವಕಾಶ, ಸಾವಕಾಶ, ಸೀಳದ” ಎನ್ನುತ್ತಿದ್ದ. ಆರೂ ಜನ ಪರಸ್ಪರರ ಪಾದ ನೋಡಿಕೊಂಡು ನಡೆದರು. “ನಿನ್ನ ಕಡಿ ಇಳಿತದ”, “ಹಿಡದೀನಿ, ನೀ ನಡಿ”, ಇಷ್ಟೇ ಮಾತು. ಉಳಿದವರೆಲ್ಲ ಹಿಂದೆ. ನಾನು ಚಾಚಾನ ಇನ್ನೊಂದು ಚಪ್ಪಲಿಯನ್ನು ಓಣಿಯಲ್ಲಿ ಹುಡುಕಿ ತಂದು ಕೊಟ್ಟೆ.

ಅರ್ಧ ದಾರಿಯಲ್ಲಿ ಇಬ್ಬರು ಪೊಲೀಸರು ಸೈಕಲ್ಲಿನ ಮೇಲೆ ಬಂದರು. ಯಾರೋ ಸುದ್ದಿ ಮುಟ್ಟಿಸಿದ್ದರು.

“ಏನದು ಗಲಾಟಿ?”

“ಏನಿಲ್ರಿ ಸಾಹೇಬ್ರೆ” ಎಂದ ಪಾಲಿಶ್‌ನವನು, ಬೆವರು ಕಣ್ಣಿಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳಲಾಗದೆ. “ಕಲ್ಲು ಒಯ್ಲಕತ್ತೀವಿ. ಸ್ವಲ್ಪ ದಾರಿ ಬಿಡ್ರಿ.”

ಅವರು ಕಲ್ಲು ಹೊತ್ತು ಮುಂದೆ ಹೋದರು. ನಾನು ದಾರಿಬದಿಯ ಫರಸಿ ರಾಶಿಯ ಮೇಲೆ ಕೂತೆ. ಎಷ್ಟು ಹೊತ್ತು ಕೂತೆನೋ ತಿಳಿಯದು. ಎದೆಯೊಳಗಿಂದ ಏನೋ ಇಳಿದು ಹೋಗುತ್ತಿತ್ತು, ಜ್ವರ ಬಿಟ್ಟಾಗ ಬೆವರು ಬರುತ್ತದಲ್ಲ, ಹಾಗೆ. ಮನೆಗಳಿಂದ ಒಲೆಯ ಹೊಗೆ ಏಳುತ್ತಿತ್ತು. ಅದು ಬರೀ ಒಲೆಯ ಹೊಗೆಯೇ ಎಂದು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡೆ.

ಸಂಜೆ ಚಾಚಾನ ಮನೆಯ ಮುಂದೆ ಎಲ್ಲರಿಗೂ ಚಹಾ ಆಯಿತು. ಪಾಲಿಶ್‌ನವನು ದೂರ ನಿಂತಿದ್ದ. ಚಾಚಾ ತಾವೇ ಒಂದು ಕಪ್ಪು ಹಿಡಿದುಕೊಂಡು ಹೋಗಿ ಅವನಿಗೆ ಕೊಟ್ಟರು. ಅವನು ಕಿಸೆಯಿಂದ ಅಂಗಿಯ ಗುಂಡಿ ತೆಗೆದು ಅವರ ಕೈಯಲ್ಲಿಟ್ಟ. ಕ್ಷಮಿಸಿ ಎಂದೇನೂ ಹೇಳಲಿಲ್ಲ.

ಸೋಮವಾರ ಶಾಲೆಯಲ್ಲಿ ಚರ್ಚೆ ನಡೆಯಿತು. ‘ಸಾಧ್ಯ’ ಎಂಬ ಕಡೆಗೆ ಇನ್ನಷ್ಟು ಸಾಲು ಬರೆಯಬೇಕೆಂದು ಭಾನುವಾರ ಕೂತೆ. ಬರೆಯಲಾಗಲಿಲ್ಲ. ದೇಶ ದೇಶಗಳ ಯುದ್ಧವನ್ನು ಪ್ರೀತಿ ನಿಲ್ಲಿಸುತ್ತದೆಯೇ? ನನಗೆ ಗೊತ್ತಿಲ್ಲ. ಅಣ್ಣನ ಮುಂದೆ ಬಂದೂಕು ಹಿಡಿದು ಬಂದವರನ್ನು ಅದು ನಿಲ್ಲಿಸಲಿಲ್ಲ. ದರ್ಜಿಯ ಮನೆಗೆ ಬಂದವರನ್ನೂ ನಿಲ್ಲಿಸಲಿಲ್ಲ. ಆದರೆ ಅಲ್ಲಿ ಅದನ್ನು ಯಾರಾದರೂ ಮಾಡಿ ನೋಡಿದರೇ? ನಾನಂತೂ ನೋಡಲಿಲ್ಲ. ಈ ಶನಿವಾರ ಏಟು ತಿನ್ನಲು ಸಿದ್ಧನಾಗಿ ಇನ್ನೊಬ್ಬನ ಹೆಸರು ಹೇಳದೆ ಕೂತ ಒಬ್ಬ ಮುದುಕ ಇದ್ದ. ತಾನಾಗಿ ಬಂದು ತನ್ನ ಹೆಸರು ಹೇಳಿದ ಒಬ್ಬ ಬಂಡಿಯವ ಇದ್ದ. ಅವನು ಗುಂಪಿನ ಹಿಂದೆಯೇ ಉಳಿದಿದ್ದರೆ ನಾನು ಓದಿದ್ದು ಏನೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಅವರಿಬ್ಬರ ಬಾಯಲ್ಲೂ ಅಹಿಂಸೆ ಎಂಬ ಶಬ್ದವನ್ನು ನಾನು ಕೇಳಿಲ್ಲ.

ಚರ್ಚೆ ಮುಗಿದ ಮೇಲೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ನೀವ್ ಯಾವ ಕಡಿ ಸರ್?”

“ಒಮ್ಮೆ ನಿಲ್ಲೋದನ್ನ ನೋಡೀನಿ” ಎಂದೆ. “ನಿಲ್ಲದ್ದನ್ನೂ ನೋಡೀನಿ.”

ಅವಳಿಗೆ ಸಮಾಧಾನವಾಗಲಿಲ್ಲ. ‘ಸಾಧ್ಯವಿಲ್ಲ’ ಎಂಬ ಕಡೆಯವರೇ ಆ ದಿನ ಬಹುಮಾನ ಪಡೆದರು. ಅವರ ಮಾತು ಚೆನ್ನಾಗಿತ್ತು, ನಾನೇ ಬರೆದುಕೊಟ್ಟಿದ್ದೆ.

ಹಿಂಗಾರಿ ಬಿತ್ತನೆ ಮುಗಿದ ಮೇಲೆ ಚಾಚಾನ ಹತ್ತಿರ ಹೋದೆ. ಏನು ಬೇಕೆಂದು ಹೇಳಲು ಬಹಳ ಹೊತ್ತು ಹಿಡಿಯಿತು. ಅವರು ಪ್ರಶ್ನೆ ಕೇಳಲಿಲ್ಲ. ಎದ್ದು, ಹೊಸದಾಗಿ ಬಂದ ಫರಸಿಗಳನ್ನು ಒಂದೊಂದಾಗಿ ತಟ್ಟುತ್ತ ಹೋದರು. ಏಳನೆಯದೋ ಎಂಟನೆಯದೋ ಹತ್ತಿರ ನಿಂತು, “ನೀವ್ ತಟ್ರಿ” ಎಂದು ಸುತ್ತಿಗೆ ನನ್ನ ಕೈಗೆ ಕೊಟ್ಟರು. ತಟ್ಟಿದೆ. ಸದ್ದು ನಿಧಾನವಾಗಿ ಹೋಗಿ ನಿಂತಿತು.

“ಸೀಳಿಲ್ಲ” ಎಂದೆ.

“ಬರೀರಿ ಮತ್ತ. ಈ ಸಲ ಬಾಲ ಬ್ಯಾಡ.”

ಸೀಮೆಸುಣ್ಣದಲ್ಲಿ ಕನ್ನಡದಲ್ಲಿ ಅಣ್ಣನ ಹೆಸರು ಬರೆದೆ. ಅದರ ಕೆಳಗೆ, ‘ಎತ್ತು ತರಲು ಹೋಗಿದ್ದ’ ಎಂದು ಬರೆದೆ. ಇನ್ನೂ ಒಂದು ಗೇಣು ಜಾಗ ಉಳಿದಿತ್ತು. ಅಲ್ಲಿ ಅಣ್ಣನ ಹೆಸರನ್ನೇ ಉರ್ದುವಿನಲ್ಲಿ ಬರೆದೆ, ಅವನು ಸಹಿ ಮಾಡುತ್ತಿದ್ದ ಹಾಗೆ, ಕೊನೆಯ ಅಕ್ಷರವನ್ನು ಸ್ವಲ್ಪ ಮೇಲಕ್ಕೆ ಎತ್ತಿ.

ಚಾಚಾ ಎರಡು ಬರಹಗಳನ್ನೂ ನೋಡಿದರು. ಅವರಿಗೆ ಎರಡೂ ಒಂದೇ. “ಏನ್ ಬರ್ದೀರಿ, ಓದ್ರಿ” ಎಂದರು.

ಓದಿ ಹೇಳಿದೆ. ಅವರು ತಲೆದೂಗಿ, ಕುಕ್ಕರಗಾಲಲ್ಲಿ ಕೂತು, ಮೊದಲ ಅಕ್ಷರದ ಮೇಲೆ ಉಳಿ ಇಟ್ಟರು.

ಅದನ್ನು ದಂಡೋತಿಗೆ ಒಯ್ದವನು ಅದೇ ಬಂಡಿಯವ. ದಾರಿಯುದ್ದಕ್ಕೂ ನಾಲ್ಕು ಮಾತಾಡಿದ. ಹೊಲದ ಬದುವಿನಲ್ಲಿ ಕಲ್ಲು ನೆಡುವಾಗ, ಅಕ್ಷರವಿರುವ ಮೈ ಯಾವ ಕಡೆಗಿರಬೇಕೆಂದು ನನ್ನನ್ನು ಮೂರು ಸಲ ಕೇಳಿ, ತಾನೇ ಬಗ್ಗಿ ನೋಡಿ, ಆಮೇಲೆ ಮಣ್ಣು ಹಾಕಿದ.